ಹುಡುಗನ ಗೋತ್ರ

ಧಾರಾವಾಹಿಯಲ್ಲಿ ಕಾಲೇಜು ಹುಡುಗ ಹುಣ್ಣಿಮೆಯ ಬೆಳಕಿಗೆ ತೋಳನಾದ. ಅವನನ್ನು ಪ್ರೀತಿಸಿದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಜಾಹೀರಾತು ಬರುತ್ತಲೇ ಮೈತ್ರೇಯಿ ಧೈರ್ಯ ಮಾಡಿದಳು.

"ಅಮ್ಮಾ, ನಮ್ ಕ್ಲಾಸಲ್ಲಿ ಒಬ್ಬ ಇದಾನೆ. ನಂಗೆ ತುಂಬಾ ಇಷ್ಟ."

ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಮ್ಮನ ಕೈ ನಿಂತಿತು. "ಯಾವ ಗೋತ್ರ?"

"ಗೋತ್ರ ಗೊತ್ತಿಲ್ಲ. ಆದ್ರೆ ಅವನೂ ಹೀಗೇನೇ." ಅವಳು ಟಿವಿಯತ್ತ ಕೈ ತೋರಿಸಿದಳು. "ಹುಣ್ಣಿಮೆ ಬಂದ್ರೆ ತೋಳ ಆಗ್ತಾನೆ. ನಿಜವಾಗ್ಲೂ."

ಅಮ್ಮ ಕಿರುಚಿಕೊಳ್ಳುತ್ತಾಳೆಂದು ಮೈತ್ರೇಯಿ ಉಸಿರು ಬಿಗಿಹಿಡಿದಳು. ಅಮ್ಮ ಕಿರುಚಲಿಲ್ಲ.

"ಬಾಲ ಬರತ್ತಾ?"

"ಬರತ್ತೆ."

"ಅವರಪ್ಪನಿಗೂ?"

"ಅವರ ವಂಶದಲ್ಲಿ ಗಂಡಸರಿಗೆಲ್ಲಾ ಬರತ್ತಂತೆ."

ಅಮ್ಮ ನಿಟ್ಟುಸಿರು ಬಿಟ್ಟು ಮತ್ತೆ ಹುರುಳಿಕಾಯಿ ಎತ್ತಿಕೊಂಡಳು.

"ಮರೆತುಬಿಡು, ಪುಟ್ಟಿ. ನಿಮ್ಮಪ್ಪಂದೂ ಅದೇ ಗೋತ್ರ. ಅವನು ನಿಂಗೆ ಅಣ್ಣ ಆಗ್ಬೇಕು."