ಬಡ್ಡಿ ಕೇಳದ ಖಾತೆದಾರರು

“ಇದರಲ್ಲೇನೋ ಮೋಸವಿದೆ,” ಎಂದ ಪೆರಿಯಸಾಮಿ, ಲೆಕ್ಕದ ಯಂತ್ರದ ಹಿಡಿಕೆಯನ್ನು ಮೂರನೇ ಸಲ ತಿರುಗಿಸಿ.

ಎದುರಿಗೆ ನಿಂತಿದ್ದ ಶಾಖೆಯ ಮುಖ್ಯಸ್ಥ, ಏಜೆಂಟ್ ಅಳಗರ್ ಬೆವರು ಒರೆಸಿಕೊಂಡ. ಎಂಟುನೂರು ಶಾಖೆಗಳ ಸರ್ಕಾರಿ ಬ್ಯಾಂಕಿನಲ್ಲಿ ಓಡೈಪಟ್ಟಿಯದು ತೀರ ಚಿಕ್ಕದು: ಎರಡು ಕೋಣೆ, ಒಂದು ತಿಜೋರಿ. ಆದರೂ 1967ರ ಪಟ್ಟಿಯಲ್ಲಿ ನೂರು ರೂಪಾಯಿಗೆ ಎಷ್ಟು ಲಾಭ ಎಂದು ನೋಡಿದರೆ ಅದೇ ಮೊದಲು. ಯಾಕೆಂದು ಕಂಡುಹಿಡಿಯಲು ಮದ್ರಾಸಿನ ಮುಖ್ಯ ಕಚೇರಿ ತನ್ನ ಲಾಭನಷ್ಟದ ಪಂಡಿತ ಪೆರಿಯಸಾಮಿಯನ್ನೇ ಕಳಿಸಿತ್ತು. ಕಂಡುಹಿಡಿದರೆ ಪಂಡಿತನಿಗೆ ಬೊಂಬಾಯಿಯಲ್ಲಿ ದೊಡ್ಡ ಕುರ್ಚಿ. ವರದಿ ಇವತ್ತೇ ಹೊರಡಬೇಕಿತ್ತು.

ಪಂಡಿತ ಹುಟ್ಟಿದ್ದು ದಿಂಡಿಗಲ್ಲು ಸೀಮೆಯ ವೇದಸಂದೂರಿನ ಕನ್ನಡ ಒಕ್ಕಲು ಮನೆಯಲ್ಲಿ. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮದ್ರಾಸು ಸೇರಿದ ಮೇಲೆ ಮನೆಮಾತು, ರಾಗಿ ಮುದ್ದೆ, ಅಜ್ಜಿಯ ಹರಕೆಗಳು, ಮಲೆಯ ದೇವರು ಎಲ್ಲವನ್ನೂ ತೊಳೆದುಕೊಂಡು ಶುದ್ಧನಾಗಿದ್ದ.

ಮಧ್ಯಾಹ್ನಕ್ಕೆ ಗುಟ್ಟು ಸಿಕ್ಕಿತು. ನೂರ ಹನ್ನೆರಡು ಖಾತೆಗಳು, ಎಲ್ಲವೂ ಬಡ್ಡಿಯಿಲ್ಲದ ಚಾಲ್ತಿ ಖಾತೆ. ಹಣ ಬರುತ್ತದೆ, ಹೋಗುವುದಿಲ್ಲ. ಹಾಗೆ ಬಿಟ್ಟಿ ಸಿಕ್ಕ ಹಣವನ್ನೇ ಶಾಖೆ ದ್ರಾಕ್ಷಿ ತೋಟದವರಿಗೆ ಒಂಬತ್ತು ಪರ್ಸೆಂಟಿಗೆ ಸಾಲ ಕೊಡುತ್ತಿತ್ತು.

“ಪೊನ್ನುತಾಯಿ, ಚೆಲ್ಲಮ್ಮಾಳ್, ಮುತ್ತುಲಕ್ಷ್ಮಿ... ಬರೀ ಹೆಂಗಸರು! ಒಬ್ಬಳೂ ಒಂದು ರೂಪಾಯಿ ತೆಗೆದಿಲ್ಲ. ನನ್ನ ಹೆಂಡತಿ ನಾಲ್ಕಾಣೆ ಬಡ್ಡಿಗೂ ಪಾಸ್‌ಬುಕ್ ಹಿಡಿದು ಓಡುತ್ತಾಳೆ.”

“ಸಾರ್, ನೂರು ಹೊಸ ಖಾತೆ ತೆರೆಯಲೇಬೇಕು ಅಂತ ಸುತ್ತೋಲೆ ಬಂದಾಗ ನಾನು...”

“ಆ ಸುತ್ತೋಲೆ ಬರೆದವನೇ ನಾನು. ಹೊಗಳುವುದು ಆಮೇಲಿರಲಿ. ಈ ಹೆಬ್ಬೆಟ್ಟೆಲ್ಲ ಯಾರದು?”

“ನಂದೇ ಸಾಮಿ,” ಎಂದ, ಬೆಂಚಿನ ಮೇಲೆ ಕೂತಿದ್ದ ಊರ ಹಿರಿಯ ಪೆರಿಯಣ್ಣನ್. “ಎಲ್ಲಾನೂ ನೋಡ್ಕೊಳ್ಳೋದು ನಾನಲ್ವಾ. ದುಡ್ಡು ಊರೋರು ಹಾಕೋದು.”

“ಅವರು ಯಾವತ್ತೂ ಬಡ್ಡಿ ಕೇಳಿಲ್ಲವೆ?”

ಮುದುಕ ಅವನ ಮುಖವನ್ನೇ ನೋಡಿದ. “ಇಲ್ಲ ಸಾಮಿ. ಇನ್ನೂ ಅಂಥಾ ಕಾಲ ಬಂದಿಲ್ಲ.”

“ಕರೆಸು. ನೋಡುತ್ತೇನೆ.”

“ಬೆಳಗಾದ್ರೆ ಮಲೆಗೆ ಸಾಮಿ. ಪೊಳುದು ಇಳಿದು ಸಂಜೆಯಾಗೋ ವೇಳೆಗೆ ವಾಪಸ್.”

‘ಶ್ರಮಜೀವಿಗಳು’ ಎಂದು ಪೆರಿಯಸಾಮಿ ಬರೆದುಕೊಂಡ.

ಅಳಗರ್ ಕೈ ಮುಗಿದ. “ಸಾರ್, ದಯವಿಟ್ಟು ಒಂದು ಸಲ ನೋಡಿ ಆಮೇಲೆ ವರದಿ ಕಳಿಸಿ. ಇಲ್ಲದಿದ್ದರೆ ಇಬ್ಬರ ಕೆಲಸಕ್ಕೂ ಕುತ್ತು.”

“ಅಂಕಿ ನೋಡಿದ್ದೇನೆ ಅಳಗರ್. ಲಾಭ ಇರುವುದು ಅಂಕಿಯಲ್ಲಿ. ಮುಖ ನೋಡುವುದು ಬರೀ ಮರ್ಯಾದೆಗೆ.”

ವರದಿ ಭರ್ಜರಿಯಾಗಿ ಬಂತು. ಓಡೈಪಟ್ಟಿಯ ಖಾತೆದಾರರ ಸಂಯಮ, ದೂರದೃಷ್ಟಿ, ಹಣಕಾಸಿನ ತಿಳಿವಳಿಕೆಗೆ ಇಡೀ ಬ್ಯಾಂಕಿನಲ್ಲಿ ಸಾಟಿಯಿಲ್ಲ. ಅವರೊಡನೆ ನಾನು ಖುದ್ದಾಗಿ ಚರ್ಚಿಸಿದ್ದೇನೆ. ಅವರಲ್ಲಿ ಹತ್ತು ಮಂದಿಯನ್ನು ಮದ್ರಾಸಿಗೆ ಕರೆಸಿ, ಉಳಿದ ಶಾಖೆಗಳ ಗ್ರಾಹಕರಿಗೆ ಉಪನ್ಯಾಸ ಕೊಡಿಸಬೇಕು. ಕೆಳಗೆ ಉದ್ದದ ಸಹಿ. ಮೂರು ಗಂಟೆಯ ಬಸ್ಸು ಅದನ್ನು ದಿಂಡಿಗಲ್ಲಿಗೆ, ಮದ್ರಾಸಿನ ರೈಲಿಗೆ ಮುಟ್ಟಿಸಲು ಹೊತ್ತೊಯ್ದಿತು. ಅಳಗರ್ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟ.

ಸಂಜೆ ಪೆರಿಯಸಾಮಿ ಸಂಪಿಗೆಯ ಹಾರ ಹಿಡಿದು ಊರ ಅಂಚಿನಲ್ಲಿ ನಿಂತ. ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದ. ಮಲೆಯ ದಾರಿಯಲ್ಲಿ ಧೂಳೆದ್ದಿತು. ಪೆರಿಯಣ್ಣನ್ ಮುಳ್ಳುಬೇಲಿಯ ಪಡಿಯನ್ನು ಎಳೆದು ಕೂಗಿದ.

“ಪೊನ್ನುತಾಯೀ, ಬಾವ್ವಾ! ನಿನ್ನ ನೋಡಕ್ಕೆ ಮದ್ರಾಸಿನ ಸಾಮಿ ಬಂದವ್ರೆ.”

ದೇವರಿಗೆ ಬಿಟ್ಟ, ಊರವರು ಹರಕೆಯ ದುಡ್ಡು ಹಾಕುವ, ಯಾರೂ ಹಾಲು ಕರೆಯದ ನೂರ ಹನ್ನೆರಡು ಹಸುಗಳ ಮಂದೆಯಿಂದ ಬಿಳಿಯದೊಂದು ಮುಂದೆ ಬಂದು, ಪೆರಿಯಸಾಮಿಯ ಕೈಯಲ್ಲಿದ್ದ ಹಾರವನ್ನು ನಿಧಾನವಾಗಿ ಮೇಯತೊಡಗಿತು.