ಕೊಡಿಯಾಲದ ಕೊನೆಯ ದೋಣಿ

ಸಮುದ್ರ ಮೇಲೇರಿದ ಮೇಲೆ ಹೊಸ ಮಂಗಳೂರು ಗುಡ್ಡದ ಮೇಲೆ ಎದ್ದಿತ್ತು. ಊರಿನ ತುಳು ಹೆಸರಾದ ಕುಡ್ಲ ಎಂದರೆ ಮಾತ್ರ ಹಳಬರಿಗೆ ನೀರಿನಡಿಯ ಪೇಟೆಯೇ. ಅವರ ಮಾತು ಕೇಳಿ ಕೇಳಿ ಕಡವಿನ ಚಾಲಕನಿಲ್ಲದ ದೋಣಿಯೂ ಅದನ್ನು ಕಲಿತಿತ್ತು. ಆದರೆ ವರ್ಷವಿಡೀ ಯಾರೂ ಹೇಳದ ಹೆಸರನ್ನು ಅದು ಮರೆತುಬಿಡುತ್ತಿತ್ತು. ಅದೇ ಪೇಟೆಗೆ ಬ್ಯಾರಿಗಳು ಹೇಳುತ್ತಿದ್ದ ಮೈಕಾಲ ಎಂಬ ಹೆಸರನ್ನು ಹೋದ ಮಳೆಗಾಲದಲ್ಲೇ ಮರೆತಾಗಿತ್ತು.

ಮೊದಲೆಲ್ಲ ಆದಿತ್ಯವಾರ ಬಂತೆಂದರೆ ವಾರಿಜಕ್ಕ "ಕುಡ್ಲಕ್ಕೆ" ಎನ್ನುವಳು. ಪಕ್ಕದಲ್ಲಿ ಕೂತ ಕೊಂಕಣಿ ಮಾತಿನ ಗೆಳತಿ ಸೆವ್ರಿನ್ ಬಾಯಿ, "ಎಂಥ ಕುಡ್ಲ ಮಾರಾಯ್ತಿ, ಕೊಡಿಯಾಲ ಅಂತ ಹೇಳು!" ಎಂದು ರೇಗುವಳು. ದೋಣಿ ಎರಡಕ್ಕೂ ಒಂದೇ ಕಡೆ ಒಯ್ಯುತ್ತಿತ್ತು. ಮುಳುಗಿದ ಹಂಪನಕಟ್ಟೆಯ ಮೇಲಿನ ನೀರಿನಲ್ಲಿ ದೋಣಿ ನಿಂತಾಗ, ತಾವು ಬಸಳೆ ಮಾರುತ್ತಿದ್ದ ಮೂಲೆ ಯಾವುದೆಂದು ಇಬ್ಬರೂ ಮತ್ತೆ ಜಗಳ ಆಡುತ್ತಿದ್ದರು.

ಈ ಕಡವಿನಲ್ಲಿ ಕೊಡಿಯಾಲ ಎನ್ನುವವಳು ಸೆವ್ರಿನ್ ಬಾಯಿ ಒಬ್ಬಳೇ ಉಳಿದಿದ್ದಳು. ಅವಳು ತೀರಿಕೊಂಡು ನಾಳೆಗೆ ವರ್ಷ.

ವಾರಿಜಕ್ಕ ದೋಣಿ ಹತ್ತಿ, ಬಾಯಿಯ ಜಾಗ ಬಿಟ್ಟು ಕೂತಳು.

"ಕುಡ್ಲಕ್ಕಾ, ವಾರಿಜಕ್ಕ?" ದೋಣಿ ಕೇಳಿತು.

"ಅಲ್ಲ." ಆ ಹೆಸರು ಅವಳ ನಾಲಿಗೆಗೆ ಹೊಸದು. "ಕೊಡಿಯಾಲಕ್ಕೆ ಹೋಗುವ."

"ಆಯ್ತು, ಕೊಡಿಯಾಲಕ್ಕೆ," ಎಂದು ದೋಣಿ ಹೊರಟಿತು.

ವಾರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದ ಖಾಲಿ ಜಾಗದತ್ತ ತಿರುಗಿದಳು.

"ಗೆದ್ದೆ ಅಂತ ಹಿಗ್ಗಬೇಡಿ ಬಾಯಿ. ವರ್ಷಕ್ಕೆ ಒಂದು ಸಲ ಮಾತ್ರ. ಬರುವ ವಾರ ಪುನಃ ಕುಡ್ಲವೇ."