ಬೀಳ್ಕೊಡುಗೆಯ ಉಡುಪು

ಗೇಟು ಮುರಿದು ಗುಂಪು ಕಾಲೇಜಿನೊಳಗೆ ನುಗ್ಗಿತು. ಮುಂದಿದ್ದ ಮುಖಂಡನ ಕೈಯಲ್ಲಿ ದೊಣ್ಣೆಯಿತ್ತು.

“ಗಡೀಲಿ ನಮ್ಮ ಹುಡುಗರನ್ನ ಕೊಂದ ದೇಶದೋಳು ಇಲ್ಲಿ ಓದೋಕೆ ಬಂದಿದ್ದಾಳಲ್ಲ, ಎಲ್ಲಿ ಅವಳು?”

“ವಿದ್ಯಾರ್ಥಿ ವಿನಿಮಯಕ್ಕೆ ಬಂದ ಮಗು ಕಣ್ರಪ್ಪಾ, ನಾಳೆ ಹೊರಟುಹೋಗ್ತಾಳೆ, ಬಿಟ್ಬಿಡಿ,” ಎಂದು ಅಡ್ಡ ಬಂದ ಮೇಷ್ಟರ ತಲೆ ಒಡೆಯಿತು.

ಬೀಳ್ಕೊಡುಗೆಯ ವೇದಿಕೆಯಿಂದ ಇಬ್ಬರು ಹುಡುಗಿಯರು ಜಿಗಿದು ಓಡಿದರು. ಒಬ್ಬಳು ಸೀರೆ ಉಟ್ಟಿದ್ದಳು. ಇನ್ನೊಬ್ಬಳು ಆ ದೇಶದ ಉದ್ದಂಗಿ ತೊಟ್ಟು, ಕಸೂತಿ ಟೋಪಿ ಹಾಕಿದ್ದಳು. ಮುಖಂಡ ಹಿಂದಿನಿಂದ ಆ ಟೋಪಿಗೇ ಬೀಸಿದ. ಅವಳು ಬೋರಲು ಬಿದ್ದಳು, ಮತ್ತೆ ಅಲುಗಲಿಲ್ಲ.

ಸೀರೆಯವಳು ಪಕ್ಕದಲ್ಲಿ ಕುಸಿದು, ಕಲಿತಷ್ಟು ಕನ್ನಡದಲ್ಲಿ ಚೀರಿದಳು: “ಆ ದೇಶದ ಹುಡುಗಿ ನಾನು! ಇವತ್ತು ನಾವು ಬಟ್ಟೆ ಬದಲು ಮಾಡಿದ್ವಿ!”

ಬಿದ್ದವಳ ಕೈಯಿಂದ ಫೋನ್ ಬಿಡಿಸಿಕೊಂಡು, ‘ಅಪ್ಪ’ ಎಂಬ ಹೆಸರನ್ನು ಒತ್ತಿದಳು.

ಮುಖಂಡನ ಜೇಬಿನಲ್ಲಿ ಫೋನ್ ರಿಂಗಾಯಿತು.